ನಾಲ್ಕು ಅಕ್ಷರದ ಜಾತಕ (ಭಾಗ 3)

ಕಳೆದ ವಾರ ಪ್ಲೇಸ್‌ಮೆಂಟ್ ಟ್ರೈನಿಂಗ್‌ನಲ್ಲಿ ನಮಗೆಲ್ಲ ಎಂಬಿಟಿಐ ಟೆಸ್ಟ್ ಮಾಡಿಸಿದ್ರು. ನನಗೆ ಬಂದಿದ್ದು 'ಇಂಟ್ರೋವರ್ಟ್'. "ಸೇಲ್ಸ್ ನಿನಗಾಗಲ್ಲಮ್ಮ, ಬ್ಯಾಕ್ ಆಫೀಸ್ ನೋಡ್ಕೋ" ಅಂದ್ರು ಟ್ರೈನರ್. ಕ್ಲಾಸಲ್ಲಿ ನಾನು ಬಾಯಿ ಬಿಡಲ್ಲ, ನಿಜ. ಆದ್ರೆ ಸಂಜೆ ಅಪ್ಪನ ಅಂಗಡಿ ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ಚೌಕಾಸಿಗೆ ನಿಲ್ಲೋಳೂ ನಾನೇ. ಇವರಿಬ್ಬರಲ್ಲಿ ಟೆಸ್ಟ್ ಹಿಡಿದಿದ್ದು ಯಾರನ್ನ?

1968ರಲ್ಲಿ ವಾಲ್ಟರ್ ಮಿಶೆಲ್ ಇದೇ ಥರದ ಪ್ರಶ್ನೆ ಕೇಳಿ ಇಡೀ ಪರ್ಸನಾಲಿಟಿ ಸೈಕಾಲಜಿಯನ್ನ ಅಲ್ಲಾಡಿಸಿಬಿಟ್ರು. ಪ್ರಶ್ನಾವಳಿ ಹೇಳೋ ಸ್ವಭಾವಕ್ಕೂ, ಒಂದು ಸಂದರ್ಭದಲ್ಲಿ ಮನುಷ್ಯ ನಿಜಕ್ಕೂ ನಡ್ಕೊಳ್ಳೋ ರೀತಿಗೂ ಇರೋ ಸಹಸಂಬಂಧ ಸಾಮಾನ್ಯವಾಗಿ 0.30 ದಾಟಲ್ಲ ಅಂದ್ರು. ಸ್ಟ್ಯಾಟಿಸ್ಟಿಕ್ಸ್ ಓದಿದವರು ವರ್ಗ ಮಾಡಿ ನೋಡಿ: 9%. ಉಳಿದ 91% ಯಾರ ಲೆಕ್ಕಕ್ಕೆ? ಹಲವು ದಿನಗಳ ನಡವಳಿಕೆಯ ಸರಾಸರಿ ತಗೊಂಡ್ರೆ ಚಿತ್ರ ಗಟ್ಟಿಯಾಗುತ್ತೆ ಅಂತ 1979ರಲ್ಲಿ ಸೆಮೂರ್ ಎಪ್‌ಸ್ಟೈನ್ ಉತ್ತರ ಕೊಟ್ರು. ಒಪ್ತೀನಿ. ಆದ್ರೆ ನಮ್ಮ ಟ್ರೈನರ್ ನನ್ನನ್ನ ನೋಡಿದ್ದು ಒಂದೇ ಮಧ್ಯಾಹ್ನ.

'ಎಂಬಿಟಿಐ ಬಿಡು, ಬಿಗ್ ಫೈವ್ ಸೈಂಟಿಫಿಕ್' ಅನ್ನೋರಿದ್ದಾರೆ. ಅಳತೆ ವಾಸಿ, ಸರಿ. ಬುಡ ನೋಡಿ. 1936ರಲ್ಲಿ ಆಲ್ಪೋರ್ಟ್ ಮತ್ತು ಓಡ್ಬರ್ಟ್ ವೆಬ್‌ಸ್ಟರ್ ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನ ಬಣ್ಣಿಸೋ 17,953 ಪದ ಹೆಕ್ಕಿದ್ರು. ಆಮೇಲೆ ಬಂದವರು ಅಂಥ ಪದಗಳನ್ನ ಸೋಸಿ ಸೋಸಿ ಐದು ಗುಂಪಿಗೆ ಇಳಿಸಿದ್ರು. ಅಂದ್ರೆ ಶುರುವಾಗಿದ್ದೇ ಜನ ಜನರ ಬಗ್ಗೆ ಆಡೋ ಮಾತಿನಿಂದ, ಅದೂ ಇಂಗ್ಲಿಷಿನಲ್ಲಿ. ನಮ್ಮಜ್ಜಿ ನನ್ನನ್ನ 'ಅಧಿಕಪ್ರಸಂಗಿ' ಅಂತಾಳೆ (ಇಂಟ್ರೋವರ್ಟ್ ಅಂತೆ!). ಅದು ಐದರಲ್ಲಿ ಯಾವ ಡಬ್ಬಕ್ಕೆ ಬೀಳುತ್ತೆ, ನೀವೇ ಹೇಳಿ.

ನನ್ನ ದೊಡ್ಡ ತಕರಾರು ಇದು. ಅವನ್ಯಾಕೆ ಅಷ್ಟು ಮಾತಾಡ್ತಾನೆ? ಎಕ್ಸ್‌ಟ್ರೋವರ್ಟ್. ಎಕ್ಸ್‌ಟ್ರೋವರ್ಟ್ ಅಂತ ಹೇಗೆ ಗೊತ್ತಾಯ್ತು? ಅಷ್ಟು ಮಾತಾಡ್ತಾನಲ್ಲ! ಲೆಡ್ಜರ್‌ನಲ್ಲಿ 'ನಷ್ಟ' ಅಂತ ಒಂದು ಹೆಡ್ ಬರೆದು, ನಷ್ಟಕ್ಕೆ ಕಾರಣ ಸಿಕ್ತು ಅಂದ ಹಾಗಾಯ್ತು. ಗುಣ ಅನ್ನೋದು ಒಳಗಿರೋ ಕಾರಣವೋ, ನಡವಳಿಕೆಗೆ ನಾವಿಟ್ಟ ಹೆಸರೋ ಅನ್ನೋ ಜಗಳ ಆ ಶಾಸ್ತ್ರದೊಳಗೇ ಇನ್ನೂ ಮುಗಿದಿಲ್ಲ. ಅವರು ಜಗಳ ಆಡ್ಲಿ, ಅದು ಅವರ ಕೆಲಸ. ಮುಗಿದೇ ಹೋಯ್ತು ಅನ್ನೋ ಥರ ನನ್ನ ರೆಸ್ಯೂಮೆ ಮೇಲೆ ಸೀಲು ಒತ್ತೋದ್ಯಾಕೆ?

ಗುರುವಾರ ಮತ್ತೆ ಸೆಷನ್ ಇದೆ. ಸೇಲ್ಸ್ ಪಟ್ಟಿಯಲ್ಲೇ ಹೆಸರು ಬರೆಸಿ ಬಂದಿದೀನಿ.