ಮುಹೂರ್ತವನ್ನು ನಂಬಿದ ಸಂಗೀತ

ಸಂಗೀತವನ್ನೇ ನೆಚ್ಚಿ ಬದುಕುವುದು ಯಾವ ಕಾಲದಲ್ಲಿಯೂ ಸುಲಭವಾಗಿರಲಿಲ್ಲ. ಆ ಕಷ್ಟದ ಸ್ವರೂಪ ಮಾತ್ರ ಕಾಲಕಾಲಕ್ಕೆ ಬದಲಾಗುತ್ತದೆ. ತುಮಕೂರು ನಗರದಲ್ಲಿ, ಗುಬ್ಬಿಯಲ್ಲಿ, ಕೆರೆಯ ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ಲಿನಲ್ಲಿ, ಇಂದು ಮದುವೆ, ಆರತಕ್ಷತೆ, ನಾಮಕರಣ, ಗೃಹಪ್ರವೇಶಗಳಲ್ಲಿ ಹಾಡಿ ನುಡಿಸಿ ಜೀವಿಸುವ ತರುಣರಿದ್ದಾರೆ. ಇವರು ಯಾರ ಸಂಬಳದ ಆಳುಗಳೂ ಅಲ್ಲ, ಸ್ವತಂತ್ರ ಕಲಾವಿದರು. ಆದರೆ ಈ ಸ್ವಾತಂತ್ರ್ಯಕ್ಕೆ ಬೆಲೆ ತೆರುತ್ತಿರುವವರು ಯಾರು ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಮುಂದೆ ಗುಬ್ಬಿ ವೀರಣ್ಣನವರ ಯಜಮಾನಿಕೆಯಲ್ಲಿ ದೊಡ್ಡ ಹೆಸರು ಪಡೆಯಿತು. ಕಂಪನಿಗಳ ಆ ಕಾಲದಲ್ಲಿ ಹಾರ್ಮೋನಿಯಂ ನುಡಿಸುವವನಿಗೂ ತಬಲ ಬಾರಿಸುವವನಿಗೂ ಕಂಪನಿಯ ಊಟವಿತ್ತು, ಬಿಡಾರವಿತ್ತು, ತಿಂಗಳ ಸಂಬಳವಿತ್ತು. ಸಂಬಳ ಅಲ್ಪವೇ, ಕ್ಯಾಂಪು ಸೋತಾಗ ಬಾಕಿಯೂ ಬೀಳುತ್ತಿತ್ತು. ಆ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡಬೇಕಾಗಿಲ್ಲ. ಆದರೂ ಮಳೆಗೆ ಆಟ ನಿಂತರೆ ಅದರ ನಷ್ಟ ಮೊದಲು ಯಜಮಾನನನ್ನು ತಟ್ಟುತ್ತಿತ್ತು, ಅನಂತರ ವಾದ್ಯಗಾರನನ್ನು. ವೀರಣ್ಣನವರು ೧೯೭೨ರಲ್ಲಿ ಕಾಲವಾದರು. ತುಮಕೂರಿನ ಕಲಾಕ್ಷೇತ್ರವೊಂದು ಅವರ ಹೆಸರನ್ನು ಹೊತ್ತು ನಿಂತಿದೆ. ಆದರೆ ಸಂಗೀತಗಾರನ ಅನ್ನ ಈಗ ಹೆಚ್ಚಾಗಿ ಹುಟ್ಟುವುದು ಕಲ್ಯಾಣಮಂಟಪಗಳಲ್ಲಿ. ಕಂಪನಿಯ ಯಜಮಾನ ಹೊರುತ್ತಿದ್ದ ಹೊರೆಯನ್ನು ಇಂದು ಒಬ್ಬೊಬ್ಬ ವಾದ್ಯಗಾರನೂ ತಾನೇ ಹೊರಬೇಕು.

ಆ ಹೊರೆಯಲ್ಲಿ ಮೊದಲನೆಯದು ಪಂಚಾಂಗ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಗುರುಶುಕ್ರರ ಅಸ್ತ ಬಂದರೆ ಮತ್ತಷ್ಟು ದಿನಗಳು ಕಳೆದುಹೋಗುತ್ತವೆ. ಪರಾಭವ ಸಂವತ್ಸರದಲ್ಲಂತೂ, ಅಂದರೆ ೨೦೨೬ರಲ್ಲಿ, ಜ್ಯೇಷ್ಠವೇ ಅಧಿಕಮಾಸ. ಮೇ ಮಧ್ಯದಿಂದ ಜೂನ್ ಮಧ್ಯದವರೆಗಿನ ಒಳ್ಳೆಯ ದುಡಿಮೆಯ ಕಾಲಕ್ಕೆ ಅದು ಕತ್ತರಿ. ಉಳಿದ ಮುಹೂರ್ತಗಳೋ ಒಂದೇ ದಿನ ಊರಿನ ಎಲ್ಲ ಮಂಟಪಗಳಿಗೂ ಬರುತ್ತವೆ. ಅಂದು ನಾಲ್ಕು ಕರೆಗಳು ಬಂದರೂ ಹೋಗಲಾಗುವುದು ಒಂದಕ್ಕೆ. ಮರುವಾರ ಕರೆಯುವವರೇ ಇರುವುದಿಲ್ಲ.

ಎರಡನೆಯದು ಲೆಕ್ಕ. ಉದಾಹರಣೆಗಾಗಿ, ಐದು ಜನರ ತಂಡಕ್ಕೆ ಒಂದು ಆರತಕ್ಷತೆಯಿಂದ ೩೦,೦೦೦ ರೂಪಾಯಿ ಬಂತೆಂದು ಇಟ್ಟುಕೊಳ್ಳೋಣ. ಧ್ವನಿವರ್ಧಕದ ಬಾಡಿಗೆ ೮,೦೦೦, ವ್ಯಾನಿಗೆ ೩,೦೦೦, ಕಾರ್ಯಕ್ರಮ ಕೊಡಿಸಿದ ಮಧ್ಯಸ್ಥನಿಗೆ ೩,೦೦೦ ಹೋದರೆ ಉಳಿದುದು ೧೬,೦೦೦, ತಲೆಗೆ ೩,೨೦೦. ವರ್ಷಕ್ಕೆ ೪೦ ಕಾರ್ಯಕ್ರಮಗಳು ದೊರೆತರೂ ಒಬ್ಬನಿಗೆ ೧,೨೮,೦೦೦, ತಿಂಗಳಿಗೆ ಹನ್ನೊಂದು ಸಾವಿರವೂ ಇಲ್ಲ. ವಾದ್ಯದ ರಿಪೇರಿ, ಅಭ್ಯಾಸದ ದಿನಗಳು, ಕೆಟ್ಟ ಗಂಟಲು ಇವು ಯಾವುವೂ ಈ ಲೆಕ್ಕದಲ್ಲಿ ಸೇರಿಲ್ಲ. ಮೇಲಾಗಿ ಬೆಂಗಳೂರು ಕೇವಲ ೭೦ ಕಿಲೋಮೀಟರು ದೂರ; ಅನುಕೂಲಸ್ಥರು ಅಲ್ಲಿಂದಲೇ ತಂಡವನ್ನು ಕರೆಸಿಕೊಳ್ಳಬಲ್ಲರು.

ಮೂರನೆಯದೂ ಮುಖ್ಯವಾದುದೂ ಕರಾರಿನ ಅಭಾವ. ಮಂಟಪವನ್ನು ಗೊತ್ತುಮಾಡುವಾಗ ರಸೀತಿಯಿಲ್ಲದೆ ಹಣ ಕೊಡದ ಗೃಹಸ್ಥರು, ಸಂಗೀತವನ್ನು ಮಾತ್ರ ದೂರವಾಣಿಯ ಒಂದು ಮಾತಿನಲ್ಲಿ ಗೊತ್ತುಮಾಡುತ್ತಾರೆ. ಮದುವೆ ಮುಂದಕ್ಕೆ ಹೋದರೆ ಮಂಟಪದ ಮುಂಗಡ ಹೋಗುತ್ತದೆಂಬ ಅಳುಕು ಅವರಿಗೆ ಉಂಟು. ಹಾಡುವವನ ದಿನ ಹೋಯಿತೆಂಬ ಅಳುಕು ಇಲ್ಲ. ೧೮೭೨ರ ಕರಾರು ಶಾಸನದ ಮೇರೆಗೆ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಅದನ್ನು ಸಿದ್ಧಪಡಿಸುವುದು ಹೇಗೆ? ಮೂರು ಸಾವಿರ ರೂಪಾಯಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಯಾರು? ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ, ತೆರೆದ ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು. ಆರಕ್ಕೆ ಎಂದ ಆರತಕ್ಷತೆ ಎಂಟಕ್ಕೆ ಆರಂಭವಾಗಿ, ಹತ್ತಕ್ಕೆ ಹಾಡು ನಿಂತರೆ, ಸಂಭಾವನೆಯಲ್ಲಿ ಕಡಿತವಾಗುವುದೂ ಕಲಾವಿದನಿಗೇ. ೨೦೨೦ರ ಮಾರ್ಚಿಯಿಂದ ಲಾಕ್‌ಡೌನ್ ಬಂದು, ಮುಂದೆ ಮದುವೆಗೆ ಐವತ್ತೇ ಜನ ಎಂದಾಯಿತು. ಆಗ ಮೊದಲು ಕೈಬಿಟ್ಟುಹೋದ ಖರ್ಚುಗಳಲ್ಲಿ ಸಂಗೀತ ಒಂದು. ಬರಹದಲ್ಲಿ ಏನೂ ಇಲ್ಲದವರಿಗೆ ಕೇಳಲು ಆಧಾರವೂ ಇರಲಿಲ್ಲ.

ಇದಕ್ಕೆ ಸರ್ಕಾರದ ಮಾಸಾಶನವೊಂದೇ ಉತ್ತರವೆನ್ನುವವರಿದ್ದಾರೆ. ಮಾಸಾಶನ ಮುಪ್ಪಿನ ಆಸರೆ. ಮೂವತ್ತರ ಹರೆಯದ ದುಡಿಮೆಗೆ ಅದು ನೆರವಾಗದು. ಪಾಠ ಹೇಳಿ ಬದುಕಬಾರದೇ ಎನ್ನುವವರೂ ಉಂಟು. ಹೇಳುತ್ತಲೇ ಇದ್ದಾರೆ, ಆದರೆ ಸಂಜೆಯೇ ಪಾಠದ ವೇಳೆ, ಸಂಜೆಯೇ ಆರತಕ್ಷತೆಯ ವೇಳೆ.

ಮೊದಲು ಆಗಬೇಕಾದುದು ಒಂದೇ ಪುಟದ ಕರಾರುಪತ್ರ: ದಿನ, ವೇಳೆ, ಸ್ಥಳ, ಅರ್ಧ ಹಣ ಮುಂಗಡ, ದಿನ ಬದಲಾದರೆ ಏನು, ತಡವಾದರೆ ಏನು. ಇದನ್ನು ಒಬ್ಬನೇ ಕೇಳಿದರೆ, ಗೃಹಸ್ಥರು ಕೇಳದಿರುವ ಇನ್ನೊಬ್ಬನನ್ನು ಕರೆಯುತ್ತಾರೆ. ಆದುದರಿಂದ ಮೂರೂ ಊರುಗಳ ವಾದ್ಯಗಾರರು, ಗಾಯಕರು ಒಂದು ಸಂಘವಾಗಿ ಒಂದೇ ನಮೂನೆಯ ಪತ್ರವನ್ನು ಮುಂದಿಡಬೇಕು. ಪ್ರತಿಯೊಂದು ಕಾರ್ಯಕ್ರಮದಿಂದ ಸ್ವಲ್ಪ ಹಣವನ್ನು ಆಷಾಢದ ನಿಧಿಗೆ ತೆಗೆದಿಡಬೇಕು. ಪೈಪೋಟಿಯ ನಡುವೆ ಇದು ಕಷ್ಟವೆಂಬುದು ನಿಜ. ಆದರೆ ಒಂದು ಕಂಪನಿಯನ್ನು ಕಟ್ಟಿ ಊರಿಂದೂರಿಗೆ ನಡೆಸುವುದಕ್ಕಿಂತ ಇದು ಕಷ್ಟವೇನಲ್ಲ. ಅದನ್ನು ಗುಬ್ಬಿಯವರು ಮಾಡಿ ತೋರಿಸಿದ್ದಾರೆ.

ನಮ್ಮ ಮನೆಗಳ ಶುಭಕಾರ್ಯಗಳಿಗೆ ನಾದ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅಡಿಗೆಯವರಿಗೂ ಮಂಟಪದವರಿಗೂ ಸಲ್ಲುವ ಮುಂಗಡ ಹಾಡುವವನಿಗೂ ಸಲ್ಲಬೇಕೆಂದು ಗೃಹಸ್ಥರು ಒಪ್ಪಿದರೆ, ಪಂಚಾಂಗ ಹೇಗೇ ಇರಲಿ, ಅವನ ಸಂಸಾರ ಇಂದಿಗಿಂತ ನೆಮ್ಮದಿಯಾಗಿ ನಡೆದೀತು.