ಶಾಲೆಯ ಒಲೆಗೂ ಒಂದು ಕಾವಲು ಬೇಕು



ಆಷಾಢ ಬಂತೆಂದರೆ ನಮ್ಮ ಓಡೈಪಟ್ಟಿಯ ಕಡೆ ಕಣಿವೆಯ ಗಾಳಿ ಜೋರು. ಆ ಗಾಳಿಗೆ ಶಾಲೆಯ ಅಡುಗೆಕೋಣೆಯ ಗ್ಯಾಸ್ ಒಲೆ ಆರಿತೆನ್ನಿ. ಹೋಗುವುದು ಬೆಂಕಿ ಮಾತ್ರ, ಗ್ಯಾಸ್ ಬರುತ್ತಲೇ ಇರುತ್ತದೆ. ಅದು ಗಾಳಿಗಿಂತ ಭಾರ, ನೆಲಕ್ಕಿಳಿದು ಮೂಲೆಯಲ್ಲಿ ನಿಲ್ಲುತ್ತದೆ. ಯಾರಾದರೂ ಬೆಂಕಿಕಡ್ಡಿ ಗೀರಿದರೆ ಅನಾಹುತ.

ಇದಕ್ಕೆ ಉಪಾಯವಿದೆ. ಬರ್ನರಿನ ಪಕ್ಕದಲ್ಲಿ ಮೊಳೆಯಂಥ ಒಂದು ಲೋಹದ ತುದಿ, ಹೆಸರು ಥರ್ಮೋಕಪಲ್. ಉರಿಗೆ ಅದು ಕಾದಾಗ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಅಷ್ಟರಿಂದಲೇ ಒಂದು ವಿದ್ಯುತ್ಕಾಂತ ಗ್ಯಾಸಿನ ಕವಾಟವನ್ನು ತೆರೆದು ಹಿಡಿದಿರುತ್ತದೆ. ಉರಿ ಆರಿ ತುದಿ ತಣಿದರೆ ಸ್ಪ್ರಿಂಗ್ ಕವಾಟವನ್ನು ಮುಚ್ಚಿಬಿಡುತ್ತದೆ. ಇದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ.

2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಬೆಂಕಿಗೆ ಬಲಿಯಾದರು. ಅಲ್ಲಿ ಮೊದಲು ಹೊತ್ತಿದ್ದು ಅಡುಗೆಮನೆಯ ಗರಿಚಾವಣಿ. ಕಾರಣ ಬೇರೆಯಾದರೂ ಪಾಠ ಒಂದೇ: ಮಕ್ಕಳಿರುವ ಕಡೆ ಒಲೆಯನ್ನು ಅಡುಗೆಯಮ್ಮನ ಎಚ್ಚರಕ್ಕಷ್ಟೇ ಬಿಡಬಾರದು.

ಆದ್ದರಿಂದ ಶಾಲೆಗೆ ಒಲೆ ಕೊಳ್ಳುವಾಗ ಬೆಲೆ ಕೇಳುವ ಮೊದಲು ಈ ಕಾವಲು ಇದೆಯೇ ಎಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಹೊತ್ತಿಸುವಾಗ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾದೀತು. ಅಷ್ಟಕ್ಕೇ ಬೇಸರಿಸಿ ಅದನ್ನು ತೆಗೆಸುವುದು ಬೇಡ. ಪೈಪು ಸೋರಿದರೆ ಮಾತ್ರ ಇದು ಕಾಯದು. ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಮುಚ್ಚುವ ಕೆಲಸ ಇನ್ನೂ ನಮ್ಮದೇ.