ಕಿತ್ತಳೆ ವೈರ್‌ಗೆ ಹೆದರ್ತೀರಿ, ಕೆಂಪು ವೈರ್‌ಗೆ ಯಾಕಿಲ್ಲ?

"ಹೈಬ್ರಿಡ್ ಗಾಡಿ ಗುರು, ಅಷ್ಟು ದೊಡ್ಡ ಬ್ಯಾಟರಿ ಇದೆ, ಎಂಥ ಆಂಪ್ಲಿಫೈಯರ್ ಹಾಕಿದ್ರೂ ತಡ್ಕೊಳ್ಳುತ್ತೆ." ಈ ಮಾತು ಹೇಳೋರಲ್ಲಿ ಎಲೆಕ್ಟ್ರಿಕಲ್ ಬ್ರಾಂಚಿನವರೂ ಇದ್ದಾರೆ ಅನ್ನೋದೇ ನನ್ನ ಸಂಕಟ. ಹೈಕ್ರಾಸ್, ಹೈರೈಡರ್ ಎಲ್ಲ ನಮ್ಮ ಬಿಡದಿಯಲ್ಲೇ ತಯಾರಾಗ್ತಿವೆ. ಅಪ್ಪನ ಕಾರಿಗೆ ಸಬ್‌ವೂಫರ್ ಹಾಕಿಸೋ ಆಸೆ ಯಾರಿಗಿಲ್ಲ ಹೇಳಿ?

ಹೈಬ್ರಿಡ್‌ಗಳ ಹಿರಿಯಣ್ಣ ಪ್ರಿಯಸ್ಸನ್ನೇ ತಗೊಳ್ಳೋಣ. ಅದರ ಎರಡನೇ, ಮೂರನೇ ತಲೆಮಾರಿನ ಕಾರುಗಳಲ್ಲಿ ಬ್ಯಾಟರಿ ಎರಡು. ಗಾಡಿ ಓಡಿಸೋಕೆ 201.6 ವೋಲ್ಟಿನ ದೊಡ್ಡ ಪ್ಯಾಕ್. ಡಿಕ್ಕಿಯ ಬಲಮೂಲೆಯಲ್ಲಿ ಒಂದು ಪುಟ್ಟ 12 ವೋಲ್ಟಿನದು. ನಿಮ್ಮ ಆಂಪ್ಲಿಫೈಯರ್‌ನ ಭಾರ ಬೀಳೋದು ಈ ಪುಟ್ಟದರ ಮೇಲೆ. ಇಂಜಿನ್ ತಿರುಗಿಸೋ ಕೆಲಸ ಇದಕ್ಕಿಲ್ಲ, ಕಂಪ್ಯೂಟರ್‌ಗಳನ್ನ ಎಬ್ಬಿಸಿ, ದೊಡ್ಡ ಪ್ಯಾಕಿನ ರಿಲೇ ಮುಚ್ಚಿದ್ರೆ ಸಾಕು. ಅದಕ್ಕೇ ಚಿಕ್ಕದಾಗಿದೆ. ಆಲ್ಟರ್ನೇಟರ್ ಕೂಡ ಇಲ್ಲ. ದೊಡ್ಡ ಪ್ಯಾಕಿನಿಂದ ಡಿಸಿ-ಡಿಸಿ ಕನ್ವರ್ಟರ್ ಇದನ್ನ ಚಾರ್ಜ್ ಮಾಡುತ್ತೆ, ಅದೂ ‘ರೆಡಿ’ ದೀಪ ಹತ್ತಿದಾಗ ಮಾತ್ರ. ಬರೀ ಆಕ್ಸೆಸರಿ ಮೋಡಲ್ಲಿ ಹಾಡು ಹಾಕ್ಕೊಂಡು ಕೂತರೆ ಪುಟ್ಟ ಬ್ಯಾಟರಿ ಖಾಲಿಯಾಗುತ್ತೆ. ದೊಡ್ಡ ಪ್ಯಾಕ್ ತುಂಬಿದ್ರೂ ಗಾಡಿ ಅಲ್ಲಾಡಲ್ಲ.

ಇದಾದರೂ ಬರೀ ಫಜೀತಿ. ನನಗೆ ಭಯ ಇರೋದು ಬೆಂಕಿಯದ್ದು. 500 ವ್ಯಾಟ್ ನಿಜವಾಗಿ ಕೊಡೋ ಕ್ಲಾಸ್-ಡಿ ಆಂಪ್ಲಿಫೈಯರ್, ಶೇ. 80 ದಕ್ಷತೆ, 13.8 ವೋಲ್ಟ್ ಅಂದ್ಕೊಳ್ಳಿ. ಫುಲ್ ವಾಲ್ಯೂಮಲ್ಲಿ ಸುಮಾರು 45 ಆಂಪಿಯರ್. ಸಡಿಲ ಅರ್ಥಿಂಗ್ ಬೋಲ್ಟಲ್ಲಿ 0.05 ಓಮ್ ಇದ್ರೂ ಅಲ್ಲೇ 100 ವ್ಯಾಟ್ ಶಾಖ. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟ್! ಅಂಥ ನಾಲ್ಕನ್ನ ಕಾರ್ಪೆಟ್ ಕೆಳಗೆ ಇಟ್ಟ ಹಾಗೆ. "12 ವೋಲ್ಟ್ ತಾನೇ, ಶಾಕ್ ಹೊಡೆಯಲ್ಲ" ಅಂತಾರೆ. ಶಾಕ್ ಹೊಡೆಯಲ್ಲ, ನಿಜ. ಸುಡುತ್ತೆ. ಫ್ಯೂಸ್ ಇರೋದು ಆಂಪ್ಲಿಫೈಯರ್ ಉಳಿಸೋಕಲ್ಲ, ವೈರ್ ಉಳಿಸೋಕೆ. ಹಾಗಾಗಿ ಬ್ಯಾಟರಿಯಿಂದ ಒಂದೆರಡು ಗೇಣಿನೊಳಗೆ ಇರಬೇಕು. ಆಂಪ್ಲಿಫೈಯರ್ ಪಕ್ಕದಲ್ಲಿ ಮಾತ್ರ ಇದ್ರೆ ನಡುವಿನ ಅಷ್ಟೂ ವೈರ್ ಅನಾಥ.

ಕಿತ್ತಳೆ ಬಣ್ಣದ ಕೇಬಲ್ ಅಂದ್ರೆ ಹೈ ವೋಲ್ಟೇಜ್, ಅದನ್ನ ಯಾರೂ ಬೇಕಂತ ಮುಟ್ಟಲ್ಲ. ಆದ್ರೆ ಪ್ರಿಯಸ್‌ನಲ್ಲಿ ಪ್ಯಾಕ್ ಹಿಂದೆ, ಇನ್ವರ್ಟರ್ ಮುಂದೆ, ಕೇಬಲ್ ಗಾಡಿಯ ಅಡಿಯಲ್ಲಿ ಹಾದುಹೋಗುತ್ತೆ. ಸಬ್‌ವೂಫರ್ ಡಬ್ಬ ಗಟ್ಟಿಯಾಗಿ ಕೂರಲಿ ಅಂತ ಕೆಳಗೇನಿದೆ ನೋಡದೆ ಸ್ಕ್ರೂ ಇಳಿಸೋದು ಶುದ್ಧ ಹುಚ್ಚುತನ. ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇದೆ, ಪ್ಯಾಕಿಗೆ ತಂಪು ಗಾಳಿ ಹೋಗೋದು ಅಲ್ಲಿಂದ. ಡಬ್ಬ ಅದಕ್ಕೆ ಅಡ್ಡ ಬಂದ್ರೂ ಕಷ್ಟ. "ಚಿಕ್ಕ ಬ್ಯಾಟರಿ ಸಾಲಲ್ಲ" ಅಂತ ಮಾಮೂಲಿ ಆಸಿಡ್ ಬ್ಯಾಟರಿ ತಂದು ಡಿಕ್ಕಿಯಲ್ಲಿ ಕೂರಿಸೋ ಮಹಾನುಭಾವರೂ ಇದ್ದಾರೆ. ಚಾರ್ಜ್ ಆಗುವಾಗ ಬರೋ ಹೈಡ್ರೋಜನ್ ಕಾರಿನ ಒಳಗೇ ಉಳಿಯುತ್ತೆ. ಕಂಪನಿಯವರು ಅಲ್ಲಿ ಸೀಲ್ ಮಾಡಿದ ಎಜಿಎಂ ಬ್ಯಾಟರಿ ಇಟ್ಟು ಹೊರಗೆ ಪೈಪ್ ಬಿಟ್ಟಿರೋದು ಸುಮ್ಮನೆ ಅಲ್ಲ.

ಜೆ.ಸಿ. ರೋಡಿನ ಹುಡುಗರ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಕಪ್ಲರ್ ಹಾಕಿ ಸ್ಟೀರಿಯೋ ಬದಲಿಸಿ, ಒಳ್ಳೆ ಸ್ಪೀಕರ್ ಹಾಕಿಸಿ, ತಕರಾರಿಲ್ಲ. 500 ವ್ಯಾಟ್ ಬೇಕೇ ಬೇಕು ಅಂದ್ರೆ, ಕನ್ವರ್ಟರ್ ಎಷ್ಟು ಆಂಪಿಯರ್ ಹೆಚ್ಚಿಗೆ ಕೊಡಬಲ್ಲದು ಅಂತ ಮೊದಲು ಸರ್ವಿಸ್ ಸೆಂಟರಲ್ಲಿ ಕೇಳಿ. ಉತ್ತರ ಸಿಗೋವರೆಗೂ ಕಂಪನಿ ಸ್ಪೀಕರಲ್ಲೇ ಹಾಡು ಕೇಳಿ.